ಸ್ಕೂಟರಿಗೊಂದು ಜಾಗ: ಬೆಂಗಳೂರಿನ ಬೀದಿಗಳಿಗೆ ಯಾವ ಪಾರ್ಕಿಂಗ್ ವ್ಯವಸ್ಥೆ ಒಪ್ಪುತ್ತದೆ?

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಅವುಗಳಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಸ್ಕೂಟರ್ ಮತ್ತು ಬೈಕುಗಳು. ಆದರೂ ರಸ್ತೆಯ ಅಂಚಿನಲ್ಲಿ ಪಾರ್ಕಿಂಗಿಗೆ ಗೆರೆ ಎಳೆಯುವಾಗ ಮೊದಲು ಬರುವುದು ಕಾರಿನ ಅಳತೆ. ಕಾರುಗಳಿಗೆ ಕೊಟ್ಟು ಉಳಿದ ಮೂಲೆ, ಟ್ರಾನ್ಸ್‌ಫಾರ್ಮರ್ ಪಕ್ಕದ ಸಂದು, ಮೋರಿಯ ಮೇಲಿನ ಚಪ್ಪಡಿ ಸ್ಕೂಟರಿನ ಪಾಲಿಗೆ ಬರುತ್ತವೆ. ಅಲ್ಲಿಯೂ ಜಾಗ ಸಿಗದವರು ಗಾಡಿಯನ್ನು ಫುಟ್‌ಪಾತಿಗೆ ಹತ್ತಿಸುತ್ತಾರೆ, ಫುಟ್‌ಪಾತಿನಲ್ಲಿ ನಡೆಯಬೇಕಾದವರು ರಸ್ತೆಗೆ ಇಳಿಯುತ್ತಾರೆ.

ಇದನ್ನು ಸರಿಪಡಿಸಬೇಕೆಂದು ಹೊರಟ ನಿವಾಸಿಗಳ ಸಂಘಗಳೂ ವರ್ತಕರ ಸಂಘಗಳೂ ಒಂದೇ ಬಗೆಯ ಗೊಂದಲದಲ್ಲಿ ಸಿಕ್ಕಿಕೊಳ್ಳುವುದನ್ನು ನಾನು ಹಲವು ಸಭೆಗಳಲ್ಲಿ ಕಂಡಿದ್ದೇನೆ. ಬಹುಮಹಡಿ ಕಟ್ಟಡ ಕೇಳಬೇಕೇ, ರಸ್ತೆ ಬದಿಯಲ್ಲೇ ಗೆರೆ ಎಳೆಸಿಕೊಳ್ಳಬೇಕೇ, ಶುಲ್ಕ ಇಡಬೇಕೇ, ಇಲ್ಲವೇ ಹತ್ತಿರದ ಖಾಲಿ ನಿವೇಶನವನ್ನು ಬಾಡಿಗೆಗೆ ಹಿಡಿಯಬೇಕೇ ಎಂಬ ಪ್ರಶ್ನೆಗಳು ಒಟ್ಟಿಗೇ ಬರುತ್ತವೆ. ಕೊನೆಗೆ ಯಾರ ದನಿ ದೊಡ್ಡದೋ ಅವರ ಆಯ್ಕೆ ಅರ್ಜಿಯಾಗಿ ಹೋಗುತ್ತದೆ. ಹಾಗಾಗದಿರಲೆಂದು ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು, ಆದರೆ ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಪೇಟೆಬೀದಿಗಳಿಗೂ ಈ ಲೆಕ್ಕಗಳು ಅನ್ವಯಿಸುತ್ತವೆ.

ಯಾವುದನ್ನು ನೋಡಿ ಅಳೆಯಬೇಕು

ಮೊದಲನೆಯದು ನಿಲುಗಡೆಯ ಅವಧಿ. ಔಷಧಿ ಅಂಗಡಿಗೆ ಬಂದವರು ಹತ್ತು ನಿಮಿಷ ನಿಲ್ಲಿಸುತ್ತಾರೆ, ಸೀರೆ ಅಂಗಡಿಗೆ ಬಂದವರು ಎರಡು ಗಂಟೆ, ಅದೇ ಅಂಗಡಿಯಲ್ಲಿ ಕೆಲಸ ಮಾಡುವವರು ಬೆಳಗಿನಿಂದ ರಾತ್ರಿಯವರೆಗೆ. ಈ ಮೂವರ ಅಗತ್ಯಗಳು ಬೇರೆಬೇರೆ. ಒಂದೇ ವ್ಯವಸ್ಥೆ ಮೂವರಿಗೂ ಹೊಂದುವುದು ಅಪರೂಪ.

ಎರಡನೆಯದು ನಡೆಯುವ ದೂರ. ಸ್ಕೂಟರ್ ಇಟ್ಟುಕೊಂಡವರು ಅದನ್ನು ಇಟ್ಟುಕೊಂಡಿರುವುದೇ ಬಾಗಿಲಿನವರೆಗೆ ಹೋಗಬಹುದೆಂದು. ಕಾರಿನವರು ಅರ್ಧ ಕಿಲೋಮೀಟರ್ ಆಚೆ ನಿಲ್ಲಿಸಿ ನಡೆದು ಬರಲು ಒಪ್ಪಿಯಾರು, ಐದು ನಿಮಿಷದ ಕೆಲಸಕ್ಕೆ ಬಂದ ಸ್ಕೂಟರ್ ಸವಾರರು ಒಪ್ಪುವುದಿಲ್ಲ. ಈ ಸಂಗತಿಯನ್ನು ಶಿಸ್ತಿನ ಕೊರತೆಯೆಂದು ಬೈಯುತ್ತಾ ಕುಳಿತರೆ ಯಾವ ಯೋಜನೆಯೂ ನಿಲ್ಲದು. ಅದನ್ನು ಒಪ್ಪಿಕೊಂಡೇ ನಕ್ಷೆ ಹಾಕಬೇಕು.

ಮೂರನೆಯದು ಪಾದಚಾರಿಗಳ ಹಕ್ಕು. ಇದರಲ್ಲಿ ಚೌಕಾಸಿಗೆ ಅವಕಾಶವಿರಬಾರದು. ರಸ್ತೆಗಳ ಮಾನದಂಡಗಳನ್ನು ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಕನಿಷ್ಠ 1.8 ಮೀಟರ್ ಅಗಲ ಅಡೆತಡೆಯಿಲ್ಲದೆ ಇರಬೇಕು. ಒಂದು ಸ್ಕೂಟರಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಅಡ್ಡಲಾಗಿ ನಿಲ್ಲಿಸಿದ ಒಂದೇ ಗಾಡಿ ಇಡೀ ಫುಟ್‌ಪಾತನ್ನು ಮುಚ್ಚುತ್ತದೆ.

ಉಳಿದವು ಖರ್ಚು, ಗಾಡಿಯ ಮತ್ತು ಸವಾರರ ಸುರಕ್ಷತೆ, ಬಿಸಿಲು ಮಳೆಯಿಂದ ರಕ್ಷಣೆ, ಹಾಗೂ ದಿನನಿತ್ಯದ ಉಸ್ತುವಾರಿ. ಕೊನೆಯದನ್ನು ಅರ್ಜಿ ಬರೆಯುವವರು ಬಹುತೇಕ ಮರೆಯುತ್ತಾರೆ. ಗೆರೆ ಎಳೆದ ಮರುದಿನ ಆ ಚೌಕದಲ್ಲಿ ಒಂದು ಕಾರು ಬಂದು ನಿಂತರೆ ಕೇಳುವವರು ಯಾರು ಎಂಬುದನ್ನು ಮುಂಚೆಯೇ ತೀರ್ಮಾನಿಸಿಕೊಂಡಿರಬೇಕು.

ನಿಮ್ಮ ಬೀದಿಯ ಅಗತ್ಯ ಯಾವುದೆಂದು ತಿಳಿಯಲು ಯಾವ ತಜ್ಞರೂ ಬೇಕಿಲ್ಲ. ಒಂದು ಕೆಲಸದ ದಿನ, ಒಂದು ಭಾನುವಾರ, ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅರ್ಧ ಗಂಟೆಗೊಮ್ಮೆ ನಡೆದು, ನಿಂತಿರುವ ಗಾಡಿಗಳ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿಗಳನ್ನು ಬರೆದುಕೊಳ್ಳಿ. ಒಂದೇ ಸಂಖ್ಯೆ ಎಷ್ಟು ಸುತ್ತುಗಳಲ್ಲಿ ಮರಳಿ ಸಿಕ್ಕಿತು ಎಂಬುದೇ ಅದರ ನಿಲುಗಡೆಯ ಅವಧಿ. ಪೇಟೆಬೀದಿಗಳಲ್ಲಿ ಹೀಗೆ ಬರೆದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರವೆಂದರೆ, ಅಂಗಡಿಯ ಎದುರಿನ ಅತ್ಯುತ್ತಮ ಜಾಗದಲ್ಲಿ ದಿನವಿಡೀ ನಿಂತಿರುವ ಗಾಡಿ ಗಿರಾಕಿಯದಲ್ಲ, ಅಂಗಡಿಯವರದ್ದೇ. ಲೆಕ್ಕದ ಮಟ್ಟಿಗೆ ಹೇಳುವುದಾದರೆ, ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗುವ ಜಾಗ ಹತ್ತು ಗಂಟೆಗಳಲ್ಲಿ ಮೂವತ್ತು ಗಾಡಿಗಳಿಗೆ ಆಗಬಹುದು. ನಡುನಡುವೆ ಖಾಲಿ ಬಿದ್ದರೂ ಹದಿನೈದಕ್ಕೆ ಮೋಸವಿಲ್ಲ. ಅದೇ ಜಾಗವನ್ನು ಒಬ್ಬರು ಬೆಳಿಗ್ಗೆ ಹಿಡಿದರೆ ಅದು ಒಂದೇ ಗಾಡಿಯ ಜಾಗ.

ಈಗಿರುವಂತೆ ಬಿಡುವುದು

ಇದೂ ಒಂದು ಆಯ್ಕೆಯೇ; ಹೆಚ್ಚಿನ ಬೀದಿಗಳು ಆರಿಸಿಕೊಂಡಿರುವುದೂ ಇದನ್ನೇ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರವಿರುವ ವಿಕ್ಟೋರಿಯಾ ರಾಜ್ಯದಲ್ಲಿ, ನಡೆಯುವವರಿಗೆ ಅಡ್ಡಿಯಾಗದಂತೆ ಬೈಕುಗಳನ್ನು ಫುಟ್‌ಪಾತಿನ ಮೇಲೆ ನಿಲ್ಲಿಸಲು ಕಾನೂನೇ ಅವಕಾಶ ಕೊಡುತ್ತದೆಂದು ಕೆಲವರು ಉದಾಹರಿಸುವುದುಂಟು. ಅಲ್ಲಿಯ ನಗರ ಕೇಂದ್ರದ ಫುಟ್‌ಪಾತ್‌ಗಳ ಅಗಲ ನಮ್ಮ ಎಷ್ಟೋ ಅಡ್ಡರಸ್ತೆಗಳಷ್ಟಿದೆ. ಆ ಪದ್ಧತಿಯನ್ನು ಇಲ್ಲಿಗೆ ತಂದರೆ ವೃದ್ಧರು, ಮಗುವನ್ನು ಎತ್ತಿಕೊಂಡವರು, ಗಾಲಿಕುರ್ಚಿಯವರು ದಾರಿ ಕಳೆದುಕೊಳ್ಳುತ್ತಾರೆ. ನಮ್ಮಲ್ಲಿ ಫುಟ್‌ಪಾತಿನ ಮೇಲೆ ನಿಲ್ಲಿಸುವುದನ್ನು 2017ರ ಮೋಟಾರು ವಾಹನ ಚಾಲನಾ ನಿಯಮಗಳು ನಿಷೇಧಿಸಿವೆ.

ಹಾಗಾದರೆ ಫುಟ್‌ಪಾತಿಗೆ ಕಂಬ ನೆಟ್ಟು ತಡೆದರಾಯಿತಲ್ಲ ಎನ್ನುವವರಿಗಾಗಿ ಒಂದು ಅಳತೆಯನ್ನು ಹೇಳಬೇಕು. ಸಾಮಾನ್ಯ ಸ್ಕೂಟರಿನ ಹ್ಯಾಂಡಲ್ ಅಗಲ ಸುಮಾರು 70 ಸೆಂಟಿಮೀಟರ್. ಗಾಲಿಕುರ್ಚಿ ಸಲೀಸಾಗಿ ದಾಟಲು ಬೇಕಾದ ಸಂದು ಕನಿಷ್ಠ 90 ಸೆಂಟಿಮೀಟರ್. ಅಂದರೆ ಗಾಲಿಕುರ್ಚಿಯನ್ನು ಬಿಟ್ಟು ಸ್ಕೂಟರನ್ನು ಮಾತ್ರ ತಡೆಯುವಂತೆ ಕಂಬಗಳನ್ನು ನೆಡಲು ಸಾಧ್ಯವೇ ಇಲ್ಲ. ಸ್ಕೂಟರಿಗೆ ಬೇರೆ ಕಡೆ ಸರಿಯಾದ ಜಾಗ ಕೊಡದೆ ಫುಟ್‌ಪಾತನ್ನು ಉಳಿಸಿಕೊಳ್ಳಲಾಗದು ಎಂದು ನಾನು ಒತ್ತಿ ಹೇಳುವುದಕ್ಕೆ ಇದೇ ಕಾರಣ. ಸವಾರರ ಹಿತವೂ ಪಾದಚಾರಿಗಳ ಹಿತವೂ ಇಲ್ಲಿ ಎದುರುಬದುರಾಗಿಲ್ಲ.

ಟೋಯಿಂಗ್ ಕೂಡ ಇದೇ ಆಯ್ಕೆಯ ಇನ್ನೊಂದು ಮುಖ. ಸಾರ್ವಜನಿಕರ ದೂರುಗಳು ಹೆಚ್ಚಿದ ಮೇಲೆ 2022ರ ಆರಂಭದಲ್ಲಿ ಬೆಂಗಳೂರಿನಲ್ಲಿ ಅದನ್ನು ನಿಲ್ಲಿಸಲಾಯಿತು. ಹತ್ತಿರದಲ್ಲಿ ಅಧಿಕೃತ ಜಾಗವೇ ಇಲ್ಲದ ಬೀದಿಯಲ್ಲಿ ಗಾಡಿ ಎತ್ತಿಕೊಂಡು ಹೋದರೆ ಜನರಿಗೆ ಕಾಣುವುದು ದಂಡ ಮಾತ್ರ, ನಿಯಮವಲ್ಲ.

ರಸ್ತೆ ಅಂಚಿನ ಕಾರಿನ ಜಾಗಗಳನ್ನು ಸ್ಕೂಟರಿಗೆ ಬಿಡುವುದು

ನನ್ನ ತೀರ್ಮಾನದಲ್ಲಿ ಪೇಟೆಬೀದಿಗಳಿಗೆ ಮೊದಲು ಪ್ರಯತ್ನಿಸಬೇಕಾದ ವ್ಯವಸ್ಥೆ ಇದು. ಆದ್ದರಿಂದ ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರಸ್ತೆಗೆ ಸಮಾನಾಂತರವಾಗಿ ನಿಲ್ಲುವ ಒಂದು ಕಾರಿಗೆ ಅಂಚಿನಲ್ಲಿ ಐದೂವರೆ ಮೀಟರಿನಷ್ಟು ಉದ್ದ ಬೇಕು. ಅಷ್ಟೇ ಉದ್ದದಲ್ಲಿ, ಅಂಚಿಗೆ ನೇರವಾಗಿ, ತಲಾ 90 ಸೆಂಟಿಮೀಟರ್ ಅಗಲದ ಆರು ಸ್ಕೂಟರ್ ಜಾಗಗಳು ಬರುತ್ತವೆ. ಸ್ಕೂಟರಿನ ಉದ್ದ 1.8 ಮೀಟರ್ ಚಿಲ್ಲರೆ ಇರುವುದರಿಂದ ರಸ್ತೆಯೊಳಕ್ಕೆ ಅದು ಕಾರಿಗಿಂತ ಹೆಚ್ಚು ಚಾಚುವುದಿಲ್ಲ. ಒಂದು ಕಾರಿನ ಗಿರಾಕಿಯನ್ನು ಕಳೆದುಕೊಳ್ಳುವ ಭಯ ವರ್ತಕರಿಗಿದ್ದರೆ, ಅದರ ಬದಲು ಆರು ಗಿರಾಕಿಗಳು ಬಂದು ನಿಲ್ಲಬಹುದೆಂಬ ಲೆಕ್ಕವನ್ನು ಅವರ ಮುಂದಿಡಬೇಕು.

ಅಗಲವನ್ನು 70 ಸೆಂಟಿಮೀಟರಿಗೆ ಇಳಿಸಿ ಇನ್ನಷ್ಟು ಗಾಡಿ ತುರುಕಬಹುದೆಂದು ಗುತ್ತಿಗೆದಾರರು ಹೇಳುವುದುಂಟು. ಸಂಜೆಯ ಹೊತ್ತು ಮಾರುಕಟ್ಟೆಯ ಬಳಿ ಸಾಲಾಗಿ ನಿಂತ ಗಾಡಿಗಳನ್ನು ಒಮ್ಮೆ ನಿಂತು ನೋಡಿದರೆ ಅದೇಕೆ ಆಗದೆಂದು ತಿಳಿಯುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದ ಗಾಡಿ ಎಡಕ್ಕೆ ವಾಲಿ ಪಕ್ಕದ ಗಾಡಿಯ ಕನ್ನಡಿಗೆ ತಾಗಿರುತ್ತದೆ. ಎರಡು ಕೈಯಲ್ಲೂ ಚೀಲ ಹಿಡಿದು ಬಂದ ಹೆಂಗಸರು ಸೊಪ್ಪಿನ ಚೀಲವನ್ನು ಮುಂದಿನ ಕೊಕ್ಕೆಗೆ ಸಿಕ್ಕಿಸಿ, ಡಿಕ್ಕಿ ತೆಗೆದು ಹೆಲ್ಮೆಟ್ ಈಚೆಗೆಳೆದು, ಪಕ್ಕದವರ ಗಾಡಿಗೆ ಹ್ಯಾಂಡಲ್ ಲಾಕ್ ಬಿದ್ದಿರುವುದರಿಂದ ಅದನ್ನು ಸರಿಸಲೂ ಆಗದೆ, ತಮ್ಮ ನೂರು ಕಿಲೋಗ್ರಾಮಿಗೂ ಮಿಗಿಲಾದ ಗಾಡಿಯನ್ನು ಇಂಚಿಂಚಾಗಿ ಹಿಂದಕ್ಕೆ ಎಳೆಯುತ್ತಿರುತ್ತಾರೆ. ತೊಂಬತ್ತು ಸೆಂಟಿಮೀಟರ್ ಎಂಬುದು ಆ ಎಳೆದಾಟವನ್ನು ತಪ್ಪಿಸುವ ಅಳತೆ.

ಇಕ್ಕಟ್ಟಾದ ರಸ್ತೆಗಳಲ್ಲಿ ಗೆರೆಗಳನ್ನು ಓರೆಯಾಗಿ ಎಳೆಯುವುದುಂಟು. ಹಾಗೆ ಮಾಡಿದರೆ ಆರರ ಜಾಗದಲ್ಲಿ ನಾಲ್ಕೇ ಗಾಡಿಗಳು ಹಿಡಿಯುತ್ತವೆ, ರಸ್ತೆಯೊಳಗಿನ ಚಾಚು ಮಾತ್ರ ಬಹಳವೇನೂ ಕಡಿಮೆಯಾಗುವುದಿಲ್ಲ. ಅದರ ನಿಜವಾದ ಪ್ರಯೋಜನವೆಂದರೆ, ಗಾಡಿಯನ್ನು ಹಿಂದಕ್ಕೆ ತೆಗೆಯಲು ಕಡಿಮೆ ಜಾಗ ಸಾಕು, ಬಸ್ ಓಡಾಡುವ ರಸ್ತೆಗೆ ಅಡ್ಡಡ್ಡಲಾಗಿ ಬರಬೇಕಾಗುವುದಿಲ್ಲ. ಬಸ್ ಮಾರ್ಗಗಳಲ್ಲಿ ಓರೆ ಗೆರೆ, ಉಳಿದೆಡೆ ನೇರ ಗೆರೆ ಎಂದು ಇಟ್ಟುಕೊಂಡರೆ ಸಾಕು.

ಪ್ರತಿ ಸಾಲಿನ ಕೊನೆಯಲ್ಲಿ ಒಂದು ಜಾಗವನ್ನು ಒಂದೂವರೆ ಮೀಟರ್ ಅಗಲ ಬಿಡಿ. ಅಂಗವಿಕಲರು ಬಳಸುವ, ಹಿಂದೆ ಎರಡು ಹೆಚ್ಚುವರಿ ಚಕ್ರಗಳಿರುವ ಸ್ಕೂಟರುಗಳು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಅವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಪಾರ್ಕಿಂಗ್ ನಕ್ಷೆ ಮಾತ್ರ ಬಲು ವಿರಳ. ಆ ಜಾಗದ ಪಕ್ಕದಲ್ಲೇ ಫುಟ್‌ಪಾತಿಗೆ ಇಳಿಜಾರು ಇದ್ದರೆ ಊರುಗೋಲು ಹಿಡಿದು ಇಳಿದವರು ರಸ್ತೆ ಸುತ್ತಿ ಬರಬೇಕಾಗುವುದಿಲ್ಲ.

ಖರ್ಚಿನಲ್ಲಿ ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ರಸ್ತೆಗೆ ಬಳಿಯುವ ಬಣ್ಣ, ಕಾರು ನುಗ್ಗದಂತೆ ಸಾಲಿನ ಎರಡೂ ತುದಿಗೆ ಗಟ್ಟಿ ಕಟ್ಟೆ, ಒಂದು ಫಲಕ, ಇಷ್ಟೇ. ತುದಿಯ ಕಟ್ಟೆ ಕಟ್ಟಿಸದಿದ್ದರೆ ಉಳಿದದ್ದೆಲ್ಲ ವ್ಯರ್ಥ, ಏಕೆಂದರೆ ಎರಡು ಸ್ಕೂಟರುಗಳ ಜಾಗ ಖಾಲಿಯಾದ ಕೂಡಲೇ ಕಾರಿನ ಮೂತಿ ಅಲ್ಲಿಗೆ ಬರುತ್ತದೆ. ಡಾಂಬರಿನ ನೆಲವಾದರೆ ಗಾಡಿ ನಿಲ್ಲುವ ಪಟ್ಟಿಗೆ ಕಾಂಕ್ರೀಟ್ ಹಾಕಿಸುವುದು ಒಳ್ಳೆಯದು. ಏಪ್ರಿಲ್ ಬಿಸಿಲಿಗೆ ಮೆದುವಾದ ಡಾಂಬರಿನಲ್ಲಿ ಸೈಡ್ ಸ್ಟ್ಯಾಂಡ್ ಹೂತು ಗಾಡಿ ಉರುಳುತ್ತದೆ. ಈ ವ್ಯವಸ್ಥೆಯ ಕೊರತೆಯೂ ಸ್ಪಷ್ಟವಾಗಿದೆ. ಮೇಲೆ ಸೂರಿಲ್ಲ, ಕಾವಲಿಲ್ಲ, ದಿನವಿಡೀ ನಿಲ್ಲಿಸುವವರಿಗೆ ಇದು ಹೇಳಿಮಾಡಿಸಿದ್ದಲ್ಲ.

ತೈವಾನಿನ ತೈಪೆ ನಗರದಲ್ಲಿ ಸ್ಕೂಟರಿಗೆಂದೇ ಬಿಳಿ ಗೆರೆಯ ಚೌಕಗಳು ರಸ್ತೆ ಅಂಚಿನಲ್ಲಿ ಸಾಲುಸಾಲಾಗಿವೆ. ಅಂಗಡಿ ಮುಂದಿನ ಜಗಲಿ ಮತ್ತು ಫುಟ್‌ಪಾತ್‌ಗಳಿಂದ ಸ್ಕೂಟರುಗಳನ್ನು ತೆರವು ಮಾಡುವ ಕೆಲಸವೂ ಅಲ್ಲಿ ನಡೆದಿದೆ. ಇಲ್ಲಿಯೂ ಎರಡನ್ನೂ ಜೋಡಿಸಿಯೇ ಮಾಡಬೇಕು, ಜಾಗ ಮೊದಲು, ತೆರವು ಆಮೇಲೆ.

ಗಂಟೆಯ ಶುಲ್ಕದ ಪಾರ್ಕಿಂಗ್

ಬೆಂಗಳೂರಿನ ಕೇಂದ್ರ ಭಾಗದಲ್ಲಿ ಕಸ್ತೂರಬಾ ರಸ್ತೆಯಂತಹ ಕೆಲವು ಕಡೆ 2020ರಿಂದೀಚೆಗೆ ಸ್ಮಾರ್ಟ್ ಪಾರ್ಕಿಂಗ್ ಬಂದಿದೆ. ಅಲ್ಲಿ ನಿಗದಿಯಾದ ದರ ಗಂಟೆಗೆ ಕಾರಿಗೆ 30 ರೂಪಾಯಿ, ದ್ವಿಚಕ್ರಕ್ಕೆ 15 ರೂಪಾಯಿ. ಶುಲ್ಕವೆಂಬ ಉಪಾಯ ತಪ್ಪಲ್ಲ. ದಿನವಿಡೀ ನಿಲ್ಲುವ ಗಾಡಿಗಳನ್ನು ಅಂಚಿನಿಂದ ಎಬ್ಬಿಸಲು ಅದಕ್ಕಿಂತ ಸೌಮ್ಯವಾದ ದಾರಿಯಿಲ್ಲ. ಆದರೆ ಕಾರಿನ ಆರನೇ ಒಂದು ಭಾಗದಷ್ಟು ಜಾಗ ಹಿಡಿಯುವವರಿಂದ ಕಾರಿನ ಅರ್ಧದಷ್ಟು ಹಣ ಕೇಳುವುದು ಯಾವ ಲೆಕ್ಕಕ್ಕೂ ಹೊಂದುವುದಿಲ್ಲ. ಜಾಗದ ಅಳತೆಗೆ ತಕ್ಕಂತೆ ಇಟ್ಟರೆ ಸ್ಕೂಟರಿಗೆ ಗಂಟೆಗೆ 5 ರೂಪಾಯಿ ಸಾಕು.

ನಿಮ್ಮ ಬೀದಿಗೆ ಶುಲ್ಕ ಬೇಕೆಂದಾದರೆ, ಮೊದಲ ಅರ್ಧ ಗಂಟೆ ಉಚಿತ, ಆಮೇಲೆ ಕಡಿಮೆ ದರ, ಮೂರನೆಯ ಗಂಟೆಯಿಂದ ಏರುವ ದರ ಎಂಬ ಕ್ರಮವನ್ನು ಕೇಳಿ. ಔಷಧಿಗೋ ಹಾಲಿಗೋ ಬಂದವರು ಚಿಲ್ಲರೆ ಹುಡುಕುತ್ತಾ ನಿಲ್ಲಬೇಕಾಗುವುದಿಲ್ಲ, ಬೆಳಗಿನಿಂದ ರಾತ್ರಿಯವರೆಗೆ ನಿಲ್ಲಿಸುವವರು ತಾವಾಗಿಯೇ ಬೇರೆ ಜಾಗ ನೋಡಿಕೊಳ್ಳುತ್ತಾರೆ. ಗಾಡಿಗಳ ದಟ್ಟಣೆ ಕಡಿಮೆಯಿರುವ ವಸತಿ ಬೀದಿಗಳಲ್ಲಿ ಮಾತ್ರ ಶುಲ್ಕದ ಯೋಚನೆಯನ್ನೇ ಬಿಡಬೇಕು, ವಸೂಲಿಗೆ ನಿಂತವರ ಸಂಬಳವೂ ಅದರಿಂದ ಹುಟ್ಟುವುದಿಲ್ಲ.

ಬಹುಮಹಡಿ ಕಟ್ಟಡ

ಸಭೆಗಳಲ್ಲಿ ಹೆಚ್ಚು ಚಪ್ಪಾಳೆ ಬೀಳುವುದು ಈ ಆಯ್ಕೆಗೆ. ಗಾಂಧಿನಗರದ ಹತ್ತಿರ ಫ್ರೀಡಂ ಪಾರ್ಕ್ ಬಳಿಯ ಕಟ್ಟಡ 2024ರಲ್ಲಿ ಬಳಕೆಗೆ ತೆರೆದುಕೊಂಡಿತು. ಅಲ್ಲಿ ಐನೂರಕ್ಕೂ ಹೆಚ್ಚು ಕಾರುಗಳಿಗೆ, ನಾಲ್ಕುನೂರಕ್ಕೂ ಹೆಚ್ಚು ದ್ವಿಚಕ್ರಗಳಿಗೆ ಜಾಗವಿದೆ. ಗಾಡಿಗಳ ಸಂಖ್ಯೆಯಲ್ಲಿ ದ್ವಿಚಕ್ರಗಳೇ ಮುಂದಿರುವ ನಗರದಲ್ಲಿ ಕಟ್ಟಡದೊಳಗೆ ಕಾರುಗಳಿಗೆ ಹೆಚ್ಚು ಸಂಖ್ಯೆಯ ಜಾಗ ಸಿಕ್ಕಿದೆ ಎಂಬುದನ್ನು ಗಮನಿಸಬೇಕು. ಚೆನ್ನೈನ ಟಿ. ನಗರದ ಪಾಂಡಿ ಬಜಾರಿನಲ್ಲಿ 2021ರಲ್ಲಿ ಆರಂಭವಾದ ಕಟ್ಟಡದ ಅನುಪಾತ ಇದಕ್ಕೆ ತದ್ವಿರುದ್ಧವಾಗಿದೆ: 222 ಕಾರುಗಳಿಗೆ ಯಾಂತ್ರಿಕ ಮಹಡಿಗಳು, ನೆಲಮಾಳಿಗೆಯಲ್ಲಿ 513 ದ್ವಿಚಕ್ರಗಳಿಗೆ ಜಾಗ. ಅದಕ್ಕೆ ತಗುಲಿದ ವೆಚ್ಚ ಸುಮಾರು 40 ಕೋಟಿ ರೂಪಾಯಿ. ನಿಮ್ಮ ಪ್ರದೇಶಕ್ಕೆ ಕಟ್ಟಡ ಬಂದೇ ಬರುವುದಿದ್ದರೆ ಚೆನ್ನೈನ ಅನುಪಾತವನ್ನು ಮುಂದಿಟ್ಟು ಮಾತನಾಡಿ.

ಸವಾರರ ಕಣ್ಣಿನಿಂದ ನೋಡಿದರೆ ಕಟ್ಟಡದ ಕಷ್ಟಗಳು ಇಳಿಜಾರಿನಿಂದಲೇ ಶುರುವಾಗುತ್ತವೆ. ಕಾರಿಗೆಂದು ಕಟ್ಟಿದ ಕಡಿದಾದ ಇಳಿಜಾರು ಮಳೆಗಾಲದಲ್ಲಿ ಒದ್ದೆಯಾದಾಗ, ಹಿಂದೆ ಒಬ್ಬರನ್ನು ಕೂರಿಸಿಕೊಂಡ ಸ್ಕೂಟರಿಗೆ ಅಪಾಯಕಾರಿ. ನುಣುಪಾದ ಬಣ್ಣ ಬಳಿದ ನೆಲ ಅದಕ್ಕಿಂತ ಅಪಾಯಕಾರಿ. ಹಿಂದೆಯೇ ಕಾರು ಬರುತ್ತಿದ್ದರೆ ಕಾಲೂರಿ ನಿಲ್ಲಲೂ ಆಗದು. ಆದ್ದರಿಂದ ಸ್ಕೂಟರಿಗೆ ಬೇರೆ ದಾರಿ, ಗೀರು ಹಾಕಿದ ನೆಲ, ನೆಲಮಟ್ಟದಲ್ಲೋ ಅದರ ಒಂದು ಮಹಡಿ ಮೇಲೋ ಕೆಳಗೋ ಮಾತ್ರ ಜಾಗ ಎಂಬ ಷರತ್ತುಗಳನ್ನು ಕೇಳಬೇಕು. ರಾತ್ರಿ ಒಂಬತ್ತರ ನಂತರ ಕೆಲಸ ಮುಗಿಸಿ ಬರುವ ಮಹಿಳೆಯರಿಗೆ ನಿರ್ಜನ ನೆಲಮಾಳಿಗೆ ನೆಮ್ಮದಿ ಕೊಡುವ ಜಾಗವಲ್ಲ. ಬೆಳಕು, ಕ್ಯಾಮೆರಾ, ಎದುರಿಗೆ ಕಾಣುವಂತೆ ಕುಳಿತ ಕಾವಲುಗಾರರು ಇಲ್ಲದಿದ್ದರೆ ಆ ಜಾಗ ಕಾಗದದ ಮೇಲಷ್ಟೇ ಇರುತ್ತದೆ.

ಕಟ್ಟಡದ ಉಪಯೋಗ ಇಲ್ಲವೆಂದಲ್ಲ. ಎರಡು ಗಂಟೆಗಿಂತ ಹೆಚ್ಚು ನಿಲ್ಲಿಸುವವರು ಬಹಳ ಇರುವ, ಸುತ್ತಲಿನ ಬೀದಿಗಳಲ್ಲಿ ಅಂಚೇ ಉಳಿದಿರದ ಗಾಂಧಿನಗರ, ಚಿಕ್ಕಪೇಟೆಗಳಂತಹ ಕಡೆ ಅದು ಬೇಕು. ಇಪ್ಪತ್ತು ನಿಮಿಷದ ಗಿರಾಕಿಗಳೇ ಹೆಚ್ಚಿರುವ ಬಡಾವಣೆಯ ಮುಖ್ಯರಸ್ತೆಗೆ ಬೇಡ.

ಮೆಟ್ರೋ ನಿಲ್ದಾಣದ ಪಾರ್ಕಿಂಗ್

ಮನೆಯಿಂದ ನಿಲ್ದಾಣದವರೆಗೆ ಸ್ಕೂಟರ್, ಮುಂದಕ್ಕೆ ಮೆಟ್ರೋ ಎಂಬುದು ಕೇಳಲು ಸರಳ. ಹಣದ ಲೆಕ್ಕ ಮಾತ್ರ ಅಷ್ಟು ಸರಳವಲ್ಲ. ನಿಲ್ದಾಣದ ಪಾರ್ಕಿಂಗ್ ಶುಲ್ಕ ದಿನಕ್ಕೆ 30 ರೂಪಾಯಿ ಎಂದಿಟ್ಟುಕೊಂಡರೆ 26 ಕೆಲಸದ ದಿನಗಳಿಗೆ 780 ರೂಪಾಯಿ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿಯ ಆಸುಪಾಸಿನಲ್ಲಿದ್ದು, ಸ್ಕೂಟರ್ ಲೀಟರಿಗೆ 45 ಕಿಲೋಮೀಟರ್ ಕೊಟ್ಟರೆ, ಅದೇ ಹಣದಲ್ಲಿ ತಿಂಗಳಿಗೆ 350 ಕಿಲೋಮೀಟರ್ ಓಡಿಸಬಹುದು. ಅಂದರೆ ಆರೇಳು ಕಿಲೋಮೀಟರ್ ದೂರದ ಕಚೇರಿಗೆ ಹೋಗುವವರಿಗೆ ಮೆಟ್ರೋ ಟಿಕೆಟ್ ಇರಲಿ, ಪಾರ್ಕಿಂಗಿನ ಹಣವೊಂದೇ ಇಡೀ ತಿಂಗಳ ಪೆಟ್ರೋಲಿಗೆ ಸಮ. ಹದಿನೈದು ಕಿಲೋಮೀಟರ್ ಆಚೆ ಹೋಗುವವರಿಗೆ, ಅದರಲ್ಲೂ ಮಳೆಗಾಲದಲ್ಲಿ, ದಣಿವು ಮತ್ತು ಅಪಾಯಗಳನ್ನು ಲೆಕ್ಕ ಹಿಡಿದರೆ ಮೆಟ್ರೋ ಇಂದಿಗೂ ಲಾಭವೇ. ಟಿಕೆಟ್ಟಿನೊಂದಿಗೆ ಸೇರಿದ, ಅರ್ಧ ದರದ ಮಾಸಿಕ ಪಾರ್ಕಿಂಗ್ ಪಾಸು ಬಂದರೆ ಅದಕ್ಕಿಂತ ಹತ್ತಿರ ಹೋಗುವವರಿಗೂ ಮೆಟ್ರೋ ಲಾಭವಾಗಬಹುದು. ನಿಲ್ದಾಣದ ಸುತ್ತಲಿನ ಬಡಾವಣೆಯವರು ಒಟ್ಟಾಗಿ ಕೇಳಬೇಕಾದದ್ದು ಹೊಸ ಜಾಗಕ್ಕಿಂತ ಮೊದಲು ಈ ಪಾಸನ್ನು.

ಕಲ್ಯಾಣ ಮಂಟಪ, ಶಾಲೆ, ಖಾಲಿ ನಿವೇಶನ

ದಿನವಿಡೀ ನಿಲ್ಲಿಸುವ ಅಂಗಡಿ ಕೆಲಸಗಾರರಿಗೆ ಇದಕ್ಕಿಂತ ಒಳ್ಳೆಯ ಪರಿಹಾರವನ್ನು ನಾನು ಕಂಡಿಲ್ಲ. ಕಲ್ಯಾಣ ಮಂಟಪದ ಅಂಗಳ ಮುಹೂರ್ತವಿಲ್ಲದ ದಿನಗಳಲ್ಲಿ, ಆಷಾಢದಲ್ಲಂತೂ ತಿಂಗಳಿಡೀ ಬರಿದಾಗಿರುತ್ತದೆ. ಶಾಲೆಯ ಮೈದಾನದ ಅಂಚು ಸಂಜೆಯ ಹೊತ್ತು ಖಾಲಿ. ವರ್ತಕರ ಸಂಘ ತಿಂಗಳ ಬಾಡಿಗೆಗೆ ಮಾತಾಡಿಕೊಂಡು, ಒಬ್ಬ ಕಾವಲುಗಾರರನ್ನು ಇಟ್ಟು, ತಗಡಿನ ಸೂರು ಹಾಕಿಸಿ, ಹೆಲ್ಮೆಟ್ ಇಡಲು ಒಂದು ಕಪಾಟು ಮಾಡಿಸಿದರೆ ಕೆಲಸಗಾರರ ಗಾಡಿಗಳು ಅಂಗಡಿ ಮುಂದಿನಿಂದ ತಾವಾಗಿಯೇ ಹೋಗುತ್ತವೆ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಾದ ಮೇಲೆ ಎರಡು ಹೆಲ್ಮೆಟ್ ಡಿಕ್ಕಿಯಲ್ಲಿ ಹಿಡಿಯುವುದಿಲ್ಲ, ಆದ್ದರಿಂದ ಆ ಕಪಾಟು ಸಣ್ಣ ಅನುಕೂಲವೇನಲ್ಲ.

ಎಲೆಕ್ಟ್ರಿಕ್ ಸ್ಕೂಟರುಗಳಿಗೂ ಇದೇ ಸರಿಯಾದ ಜಾಗ. ಎಂಟು ಗಂಟೆ ನಿಲ್ಲುವ ಗಾಡಿಗೆ ವೇಗದ ಚಾರ್ಜರ್ ಬೇಕಿಲ್ಲ, ಮೀಟರ್ ಇರುವ ಸಾಮಾನ್ಯ ಪ್ಲಗ್ ಸಾಲು ಸಾಕು. ಮದುವೆಯ ದಿನಗಳಲ್ಲಿ ಗಾಡಿಗಳನ್ನು ಎಲ್ಲಿಗೆ ಕಳಿಸುವುದು, ಕಳವಾದರೆ ಹೊಣೆ ಯಾರದು ಎಂಬೆರಡನ್ನು ಒಪ್ಪಂದದಲ್ಲೇ ಬರೆಸಿಕೊಳ್ಳದಿದ್ದರೆ ಮಾತ್ರ ಮೊದಲ ಜಗಳಕ್ಕೇ ಇದು ಮುರಿದು ಬೀಳುತ್ತದೆ.

ಯಾರಿಗೆ ಯಾವುದು

ಬಡಾವಣೆಯ ಅಂಗಡಿ ಬೀದಿಗೆ, ಹಣ ಕಡಿಮೆಯಿದ್ದಲ್ಲಿ, ಅಂಚಿನ ಉಚಿತ ಚೌಕಗಳು ಮತ್ತು ಕೆಲಸಗಾರರಿಗೆ ಬಾಡಿಗೆಯ ಅಂಗಳ ಎಂಬ ಜೋಡಿಯನ್ನು ಆರಿಸಿ. ಗಾಂಧಿ ಬಜಾರಿನಂತಹ ಜನನಿಬಿಡ ಪೇಟೆಗೆ ಅದರ ಮೇಲೆ ಏರುಶುಲ್ಕವನ್ನು ಸೇರಿಸಿ. ಹೋಟೆಲುಗಳು ಸಾಲಾಗಿರುವ ಬೀದಿಯಾದರೆ, ಊಟ ಒಯ್ಯುವ ಡೆಲಿವರಿ ಹುಡುಗರು ಕಾಯಲು ಪ್ರತ್ಯೇಕ ಸಾಲನ್ನು ಬಿಡಿ; ಅವರ ನಿಲುಗಡೆ ಹತ್ತು ನಿಮಿಷದ್ದು, ಆದರೆ ದಿನವಿಡೀ ನಿಲ್ಲದೆ ನಡೆಯುವಂಥದ್ದು. ಅವರಿಗೆ ನೆರಳೂ ಕೂರಲು ಒಂದು ಕಟ್ಟೆಯೂ ಬೇಕು. ಆಸ್ಪತ್ರೆಯ ಸುತ್ತಮುತ್ತ ಗಾಬರಿಯಿಂದ ಬಂದವರು ನೂರು ಮೀಟರ್ ಆಚೆ ಜಾಗ ಹುಡುಕುವಂತಾಗಬಾರದು. ಅಲ್ಲಿ ಬಾಗಿಲಿನ ಪಕ್ಕದ ಕಾರಿನ ಜಾಗಗಳಲ್ಲಿ ಕೆಲವನ್ನಾದರೂ ಸ್ಕೂಟರಿಗೆ ಬಿಡಿಸಲೇಬೇಕು.

2021ರಲ್ಲಿ ಸರ್ಕಾರ ಒಪ್ಪಿದ ಪಾರ್ಕಿಂಗ್ ನೀತಿ 2.0 ಪ್ರದೇಶವಾರು ಪಾರ್ಕಿಂಗ್ ಯೋಜನೆಗಳಿಗೆ ಅವಕಾಶ ಕೊಡುತ್ತದೆ. ಅದರ ಹಿಂದಿರುವುದು ನಗರ ಭೂಸಾರಿಗೆ ನಿರ್ದೇಶನಾಲಯ. 2025ರಿಂದ ನಗರ ಐದು ಪಾಲಿಕೆಗಳಾಗಿರುವುದರಿಂದ ಅರ್ಜಿ ಹೋಗಬೇಕಾದದ್ದು ನಿಮ್ಮ ಪಾಲಿಕೆಗೆ, ಅದರ ಒಂದು ಪ್ರತಿ ಸಂಚಾರ ಪೊಲೀಸರಿಗೆ. ನೀವು ಬರೆದುಕೊಂಡ ನಂಬರ್ ಪ್ಲೇಟಿನ ಪಟ್ಟಿ ಮತ್ತು ಕೈಯಲ್ಲೇ ಬಿಡಿಸಿದ ನಕ್ಷೆಯನ್ನು ಅರ್ಜಿಯೊಂದಿಗೆ ಲಗತ್ತಿಸಿ. ಕಾಯಂ ಕಾಮಗಾರಿಗೆ ಮೊದಲು ಒಂದು ತಿಂಗಳ ಮಟ್ಟಿಗೆ ಬಣ್ಣ ಮತ್ತು ಕೋನುಗಳಿಂದ ಪ್ರಯೋಗ ನಡೆಸಲು ಅನುಮತಿ ಕೇಳಿ, ಆ ತಿಂಗಳಿನಲ್ಲಿ ಎಷ್ಟು ಗಾಡಿಗಳು ಫುಟ್‌ಪಾತಿನ ಮೇಲೆ ಉಳಿದವು ಎಂಬುದನ್ನು ವಾರಕ್ಕೊಮ್ಮೆ ಎಣಿಸಿ. ಆ ಸಂಖ್ಯೆ ಇಳಿಯದಿದ್ದರೆ ನಿಮ್ಮ ಚೌಕಗಳು ತಪ್ಪು ಜಾಗದಲ್ಲಿವೆ ಅಥವಾ ಕೆಲಸಗಾರರ ಗಾಡಿಗಳು ಅವುಗಳಲ್ಲಿ ಕುಳಿತಿವೆ. ಎರಡನ್ನೂ ಕಾಂಕ್ರೀಟ್ ಬೀಳುವ ಮೊದಲು ಸರಿಪಡಿಸಬಹುದು.